ಅದು ಸೋಮಾರಿತನ ಅಲ್ಲ, ರಕ್ತ ಪರೀಕ್ಷೆ ಮಾಡಿಸಿ

"ಬಾಣಂತನ ಮುಗಿದು ಆರು ತಿಂಗಳಾಯ್ತು, ಇನ್ನೂ ಸುಸ್ತು ಅಂತಾಳೆ. ಮೈ ಮಾತ್ರ ಊದ್ತಾನೇ ಇದೆ." ಸೊಸೆಯಂದಿರ ಬಗ್ಗೆ ಈ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ.

ಕುತ್ತಿಗೆಯ ಮುಂದೆ ಚಿಟ್ಟೆ ಆಕಾರದ ಗ್ರಂಥಿ ಇದೆ, ಥೈರಾಯ್ಡ್. ಅದರ ಹಾರ್ಮೋನು ಕಡಿಮೆಯಾದರೆ ಇಡೀ ಮೈ ನಿಧಾನವಾಗುತ್ತದೆ. ಸುಸ್ತು, ಚಳಿ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನಲ್ಲಿ ಹೆಚ್ಚು ರಕ್ತ. ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಜಾಸ್ತಿ. ಹೆರಿಗೆಯಾದ ವರ್ಷದೊಳಗೂ ಶುರುವಾಗಬಹುದು. ಸುಸ್ತೆಲ್ಲ ಥೈರಾಯ್ಡ್ ಅಲ್ಲ, ರಕ್ತಹೀನತೆಯೂ ಇರಬಹುದು. ಅದಕ್ಕೇ ಪರೀಕ್ಷೆ ಬೇಕು, ಬೈಗುಳ ಅಲ್ಲ.

ಕಾರಣ? ಒಂದು ಕಾಲಕ್ಕೆ ಅಯೋಡಿನ್ ಕೊರತೆಯೇ ದೊಡ್ಡದು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಿ ನೋಡಿದಾಗ ಗಳಗಂಡ ಇಳಿಯಿತು. 1962ರಲ್ಲಿ ದೇಶದ ಕಾರ್ಯಕ್ರಮವೇ ಬಂತು. ಈಗ ಅಯೋಡಿನ್ ಉಪ್ಪು ಸಿಗುವ ಕಡೆ ಮುಖ್ಯ ಕಾರಣ ಬೇರೆ: ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಗ್ರಂಥಿಯನ್ನು ಹಾಳುಮಾಡುವುದು. ಇದರಲ್ಲಿ ಆ ಹೆಂಗಸಿನ ತಪ್ಪೇನಿದೆ? (ಹಾಗಂತ ಉಪ್ಪು ಜಾಸ್ತಿ ತಿಂದರೆ ವಾಸಿಯಾಗುವುದಿಲ್ಲ, ಬಿಪಿ ಏರುತ್ತದೆ ಅಷ್ಟೆ.)

ಚಿಕಿತ್ಸೆ ದಿನಕ್ಕೊಂದು ಚಿಕ್ಕ ಮಾತ್ರೆ, ಬೆಲೆಯೂ ಹೆಚ್ಚಿಲ್ಲ. ಆದರೆ ತಗೊಳ್ಳುವ ಕ್ರಮವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಕಾಫಿ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೂರನ್ನೂ ಒಟ್ಟಿಗೆ ನುಂಗಿ "ಮಾತ್ರೆ ಕೆಲಸ ಮಾಡ್ತಿಲ್ಲ" ಅಂತ ಬಿಟ್ಟವರನ್ನು ನೋಡಿದ್ದೇವೆ. ಬಸುರಿ ಎಂದು ಗೊತ್ತಾದ ಕೂಡಲೇ "ಉಷ್ಣ" ಅಂತ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದಲೇ. ಆಗ ಡಾಕ್ಟರು ಸಾಮಾನ್ಯವಾಗಿ ಡೋಸ್ ಹೆಚ್ಚಿಸುತ್ತಾರೆ, ನಿಲ್ಲಿಸುವುದಿಲ್ಲ. "ಮೂರೇ ತಿಂಗಳಲ್ಲಿ ಬೇರುಸಮೇತ ಗುಣ" ಎಂದು ವಾಟ್ಸಾಪಿನಲ್ಲಿ ಪುಡಿ ಮಾರುವವರಿಗೆ ಇದರ ಚಿಂತೆ ಎಲ್ಲಿದೆ?

ಸರ್ಕಾರದ ಮೇಲೂ ನಮಗೆ ಸಿಟ್ಟಿದೆ. ನಾವು ಓಡಾಡಿದ ಊರುಗಳ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಟಿಎಸ್‌ಎಚ್ ಪರೀಕ್ಷೆ ಅಂದರೆ ತಾಲೂಕಿನ ಖಾಸಗಿ ಲ್ಯಾಬಿಗೆ ಚೀಟಿ. ಒಂದು ದಿನದ ಕೂಲಿ, ಬಸ್ ಚಾರ್ಜು, ಲ್ಯಾಬಿನ ದುಡ್ಡು. ಮೊದಲೇ ಸೋಮಾರಿ ಅನ್ನಿಸಿಕೊಂಡವಳಿಗೆ ಇದನ್ನು ಮನೆಯಲ್ಲಿ ಯಾರು ಕೊಡುತ್ತಾರೆ? ರಕ್ತ ಇಲ್ಲೇ ತೆಗೆದು ಜಿಲ್ಲಾ ಲ್ಯಾಬಿಗೆ ಕಳಿಸಿದರೂ ಸಾಕು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲೂ ಈ ಕೊರತೆ ಪತ್ತೆಯಾಗುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುಮಾಡಿದರೆ ಬುದ್ಧಿಮಾಂದ್ಯ ತಪ್ಪಿಸಬಹುದು.

ಮುಂದಿನ ಗ್ರಾಮಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ಎದ್ದು ನಿಂತು ಕೇಳಿ: ನಮ್ಮ ಪಿಎಚ್‌ಸಿಯಲ್ಲಿ ಟಿಎಸ್‌ಎಚ್‌ಗೆ ರಕ್ತ ತೆಗೆಯುವುದು ಯಾವತ್ತಿಂದ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.