ಅಜ್ಜಿಯ ಕಥೆಗೆ ಹೊಸ ಅಂಗಿ ಸಾಕೇ?

ಶಾಲೆಯ ಕೈಬರಹದ ಪತ್ರಿಕೆಗೆ ಕಥೆ ಬರೆಯಲು ಹೇಳಿದರೆ ಅನೇಕ ಮಕ್ಕಳು ಅಜ್ಜಿ ಹೇಳಿದ ಕಥೆಯನ್ನೇ ಎತ್ತಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ರಾಜಕುಮಾರನನ್ನು ಕುದುರೆಯಿಂದ ಇಳಿಸಿ ಬೈಕ್ ಹತ್ತಿಸಿ, ರಾಜಕುಮಾರಿಯ ಕೈಗೆ ಮೊಬೈಲ್ ಕೊಟ್ಟರೆ ಕಥೆ ಹೊಸದಾಯಿತೆಂದು ತಿಳಿಯುತ್ತಾರೆ. ಹಾಗೆ ಮಾಡಿದಾಗ ಬದಲಾಗುವುದು ಅಂಗಿ ಮಾತ್ರ.

ಹಾಗಾದರೆ ಹೊಸದು ಮಾಡುವುದು ಹೇಗೆ? ಉದಾಹರಣೆಗೆ ದೂರ ಹೋಗಬೇಕಿಲ್ಲ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ (1929–1993) 1950ರ ದಶಕದಲ್ಲಿ ಈ ಭಾಗದ ಕಥೆಗಳನ್ನು ಕೇಳಿ ಬರೆದುಕೊಂಡರು. ಕಿತ್ತೂರಿನಲ್ಲಿ ಅವರಿಗೆ ದೊರೆತ ಕಥೆ ‘ಹಂಚಿ’.

ಸ್ವಂತ ಅಣ್ಣನ ಕೆಟ್ಟ ದೃಷ್ಟಿಯಿಂದ ಮಗಳನ್ನು ಉಳಿಸಲು ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳಿಸುತ್ತಾಳೆ. ಹುಡುಗಿ ‘ಹಂಚಿ’ ಎನಿಸಿಕೊಂಡು ಸಾಹುಕಾರರ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಕಿರಿಯ ಮಗ ಅವಳ ನಿಜರೂಪ ಕಂಡು ಮದುವೆಯಾಗುತ್ತಾನೆ. ಕಪಟ ಗುರುವೊಬ್ಬ ಸುಳ್ಳು ಅಪವಾದ ಹೊರಿಸಿದಾಗ ಮನೆಯವರು ಅವಳನ್ನು ಹೊರಹಾಕುತ್ತಾರೆ. ಕೊನೆಗೆ ಅವಳ ಕೈಯ ಸಿಹಿ ಅನ್ನ ಉಂಡು, ಇದು ಹಂಚಿಯದೇ ಅಡಿಗೆ ಎಂದು ಗುರುತಿಸುತ್ತಾರೆ. 1697ರಲ್ಲಿ ಫ್ರಾನ್ಸಿನ ಪೆರೋ ಪ್ರಕಟಿಸಿದ ಸಿಂಡರೆಲಾ ಕಥೆಯ ಅಕ್ಕತಂಗಿ ಇದು. ಅಲ್ಲಿ ಗುರುತು ಸಿಕ್ಕಿದ್ದು ಕಾಲಿನ ಗಾಜಿನ ಪಾದರಕ್ಷೆಯಿಂದ, ಇಲ್ಲಿ ಕೈಯ ರುಚಿಯಿಂದ.

ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು 1988ರಲ್ಲಿ ‘ನಾಗಮಂಡಲ’ ನಾಟಕ ಕಟ್ಟಿದರು. ಅದರಲ್ಲಿ ಬೈಕೂ ಇಲ್ಲ, ಟೆಲಿಫೋನೂ ಇಲ್ಲ. ಹಾವು ಹಿಡಿದು ದಿವ್ಯ ಮಾಡಿ ಗೆದ್ದ ರಾಣಿಯನ್ನು ಊರು ದೇವತೆಯೆಂದಿತು ಸರಿ, ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಾಟಕ ಕೇಳುತ್ತದೆ. ಆ ಪ್ರಶ್ನೆಯಿಂದಲೇ ಹಳೆಯ ಕಥೆ ಹೊಸದಾಯಿತು.

ವಿದ್ಯಾರ್ಥಿಗಳು ಇದಕ್ಕೆ ಪ್ರಯೋಗಶಾಲೆಯ ಕ್ರಮ ಅನುಸರಿಸಬಹುದು. ಒಂದು ಸಂಗತಿಯನ್ನು ಮಾತ್ರ ಬದಲಿಸಬೇಕು. ಉಳಿದದ್ದು ಏನಾಗುತ್ತದೆಂದು ನೋಡಬೇಕು. ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡುವ ಕಥೆಗಳುಂಟು. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭೆಗೆ ಬಿಟ್ಟ ಪೆಟ್ಟಿಗೆ ಹಿಂದೆ ತೇಲುತ್ತ ರಾಮದುರ್ಗ ತಲುಪಬಹುದಿತ್ತು. ಈಗ ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟು ಅಡ್ಡವಿದೆ; ಪೆಟ್ಟಿಗೆ ರೇಣುಕಾ ಸಾಗರದಲ್ಲೇ ನಿಲ್ಲುತ್ತದೆ. ಮಗು ಸಿಗುವುದು ರಾಮದುರ್ಗದ ಅಗಸನಿಗಲ್ಲ, ಹಿನ್ನೀರಿನಲ್ಲಿ ಬಲೆ ಬೀಸುವ ಮೀನುಗಾರನಿಗೆ. ಮುಂದಿನ ಕಥೆಯೇ ಬೇರೆ.

ಇನ್ನು ಹಂಚಿಯ ಕೈಗೆ ಮೊಬೈಲ್ ಕೊಡೋಣ. ಅವಳ ತಾಯಿಗೆ ಮುಖವಾಡ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಂದಿನ ಹಂಚಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಕರೆ ಮಾಡುತ್ತಾಳೆಯೇ? ತಾಯಿ ಅವಳ ಪರವಾಗಿ ನಿಲ್ಲುತ್ತಾಳೆಯೇ, ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಸುತ್ತಾಳೆಯೇ? ಮನೆ ಬಿಡಬೇಕಾದವರು ಯಾರು, ಮಗಳೋ ಮಗನೋ? ಈ ಪ್ರಶ್ನೆಗಳು ಎದ್ದಾಗ ಮೊಬೈಲ್ ಬರೀ ಅಲಂಕಾರವಾಗಿ ಉಳಿಯುವುದಿಲ್ಲ.

ಇಂಥ ಕಥೆ ಮಕ್ಕಳಿಗೇಕೆ ಎಂದು ಕೆಲವು ಪಾಲಕರು ಕೇಳಬಹುದು. ನೇರವಾಗಿ ಹೇಳಲಾಗದ ಭಯವನ್ನು ಹಿಂದಿನ ಹೆಂಗಸರು ಕಥೆಯ ಮೂಲಕವೇ ಮಕ್ಕಳಿಗೆ ತಿಳಿಸುತ್ತಿದ್ದರು. ಮಗಳು ಇಂಥದೊಂದು ಕಥೆ ಬರೆದು ತೋರಿಸಿದರೆ ಕಾಗುಣಿತದ ತಪ್ಪು ಹುಡುಕುವ ಮೊದಲು ಪೂರ್ತಿ ಓದಬೇಕು. ಅವಳು ಏನು ಹೇಳುತ್ತಿದ್ದಾಳೆಂದು ಕೇಳಬೇಕು.

ಪರೀಕ್ಷೆಗೆ ಇದರಿಂದ ನಷ್ಟವಿಲ್ಲ. ‘ಇದು ಹೀಗಾದರೆ ಮುಂದೇನು?’ ಎಂದು ಯೋಚಿಸುವ ಅಭ್ಯಾಸ ಕಥೆಗೂ ಬೇಕು, ವಿಜ್ಞಾನಕ್ಕೂ ಬೇಕು. ಬೈಲಹೊಂಗಲವಿರಲಿ, ಸವದತ್ತಿಯಿರಲಿ, ಮನೆಯಲ್ಲಿ ಅಜ್ಜಿಯಿದ್ದರೆ ಮೊದಲು ಅವರ ಕಥೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿರಿ. ಹೇಳಿದವರ ಹೆಸರು, ಊರು, ದಿನಾಂಕ ಹಾಕಿರಿ. ಬಳಿಕ ಬೇರೊಂದು ಹಾಳೆ ತೆಗೆದುಕೊಂಡು ಒಂದೇ ಒಂದು ಸಂಗತಿ ಬದಲಿಸಿರಿ.