ಕಂದಕದ ಆಚೀಚೆ ಇದ್ದವರು ಯಾರು?

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ನೆಲವನ್ನು ದೋಆಬ್ ಎನ್ನುತ್ತಾರೆ. ಪಾರಸಿಯಲ್ಲಿ ಎರಡು ನೀರು ಎಂದರ್ಥ. ಅದರ ಕೀಲಿಕೈ ರಾಯಚೂರು ಕೋಟೆ. ಒಳಕೋಟೆಯನ್ನು 1294ರಲ್ಲಿ ಕಾಕತೀಯರ ಸಾಮಂತ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದನು. ಅದರ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಬಂಡೆ ಇದೆ. ಅದನ್ನು ಗಾಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಕಲ್ಲಿನಲ್ಲೇ ಕೊರೆಯಲಾಗಿದೆ. ಹೊರಕೋಟೆಯನ್ನು ಬಿಜಾಪುರದವರು ಎಬ್ಬಿಸಿದರು. ಅದರ ಮೂರು ದಿಕ್ಕಿಗೆ ಆಳವಾದ ಕಂದಕ, ದಕ್ಷಿಣಕ್ಕೆ ಕಲ್ಲುಗುಡ್ಡಗಳ ಸಾಲು.

ಈ ಕಂದಕವನ್ನು ಎರಡು ಧರ್ಮಗಳ ನಡುವಿನ ಗಡಿಯೆಂದು ನಮ್ಮ ಮಕ್ಕಳಿಗೆ ಕಲಿಸಲಾಗುತ್ತಿದೆ. ಇದು ಎಷ್ಟು ನಿಜ?

1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ಮುತ್ತಿಗೆ ಹಾಕಿದ ಕಾರಣವನ್ನು ಪೋರ್ಚುಗೀಸ್ ಬರಹಗಾರ ನೂನಿಸ್ ತಿಳಿಸುತ್ತಾನೆ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ರಾಯನು ಓರ್ವ ಮುಸ್ಲಿಮ್ ವರ್ತಕನ ಕೈಗೆ 40,000 ವರಹಗಳನ್ನು ಒಪ್ಪಿಸಿದ್ದನು. ಆತ ಆ ಹಣದೊಂದಿಗೆ ಆದಿಲ್ ಶಾಹನ ಆಶ್ರಯಕ್ಕೆ ಓಡಿದನು. ನೆಪ ಕುದುರೆಯ ಹಣ. ಗುರಿ ದೋಆಬಿನ ನೆಲ. ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಕೋವಿಯಿಂದ ಉರುಳಿಸಿ ರಾಯನಿಗೆ ನೆರವಾದವರು ಪೋರ್ಚುಗೀಸ್ ಕ್ರೈಸ್ತರು. ಆದಿಲ್ ಶಾಹನ ಸೇನಾಪತಿ ಸಲಾಬತ್ ಖಾನನ ಬೆಂಗಾವಲಿನಲ್ಲಿದ್ದವರೂ ಪೋರ್ಚುಗೀಸರೇ! ಧರ್ಮಯುದ್ಧದ ಪಾಳಯಗಳು ಹೀಗಿರುತ್ತವೆಯೇ?

ವಿಜಯನಗರದ ಸೇನೆಯಲ್ಲಿ ಮುಸ್ಲಿಮರು ಅದಕ್ಕೂ ಬಹಳ ಹಿಂದಿನಿಂದಲೇ ಇದ್ದರು. ಇಮ್ಮಡಿ ದೇವರಾಯನು ಅವರಿಗಾಗಿ ಮಸೀದಿ ಕಟ್ಟಿಸಿದನೆಂದೂ, ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದನೆಂದೂ ಬರೆದವನು ಬಿಜಾಪುರದ ಆಸ್ಥಾನದಲ್ಲಿದ್ದ ಫರಿಶ್ತಾ. 1565ರಲ್ಲಿ ರಾಮರಾಯನ ವಿರುದ್ಧ ನಿಂತ ಅಲಿ ಆದಿಲ್ ಶಾಹ್, ಕೆಲವೇ ವರ್ಷಗಳ ಹಿಂದೆ ಅದೇ ರಾಮರಾಯನ ಸೇನೆಯನ್ನು ಕರೆಸಿಕೊಂಡು ಅಹ್ಮದ್‌ನಗರದ ಸುಲ್ತಾನನ ಮೇಲೆ ದಂಡೆತ್ತಿ ಹೋಗಿದ್ದನು.

ನಮ್ಮವರಿಗೂ ಒಂದು ಮಾತು ಹೇಳಬೇಕಾಗಿದೆ. ಸುಲ್ತಾನರ ಗೆಲುವನ್ನು ಇಸ್ಲಾಮಿನ ಗೆಲುವೆಂದು ನಾವು ಬೀಗುವುದಾದರೆ, ಅವರ ಸೋಲಿನ ಸೇಡಿಗೆ ನಮ್ಮನ್ನು ಗುರಿ ಮಾಡುವವರ ವಾದವನ್ನು ನಾವೇ ಒಪ್ಪಿದಂತೆ. ಎಲ್ಲ ಅರಸರೂ ಕಾದಾಡಿದ್ದು ಕಂದಾಯಕ್ಕಾಗಿ. ಆ ಕಂದಾಯ ತೆತ್ತವನು ದೋಆಬಿನ ರೈತ. ಆತನ ಹೆಸರು ಯಾವ ಶಾಸನದಲ್ಲಿದೆ?

ಕೋಟೆ ಶರಣಾದಾಗ ಊರಿನವರು ಭಯದಿಂದ ರಾಯನ ಮುಂದೆ ಬಂದರೆಂದೂ, ಅವರ ಆಸ್ತಿಪಾಸ್ತಿಗೆ ಹಾನಿಯಾಗದೆಂದು ಆತ ಅಭಯವಿತ್ತನೆಂದೂ ನೂನಿಸ್ ಹೇಳುತ್ತಾನೆ. ಅವರಲ್ಲಿ ಯಾರು ಯಾವ ಧರ್ಮದವರೆಂದು ರಾಯನು ಕೇಳಿದನೆಂಬ ಮಾತು ಅಲ್ಲಿಲ್ಲ.