ನಡುಮನೆಯ ಮಾತು: ‘ಇದೆಂಥ ಚಿತ್ರ?’ ಎಂದು ಕೇಳುವ ಮೊದಲು



ಈ ಸಲ ಬಂದ ಕಾಗದಗಳಲ್ಲಿ ಒಂದು ಕುಂದಾಪುರದ ಹತ್ತಿರದ ಗುಲ್ವಾಡಿಯದು. ಹೆಸರು ಹಾಕಬೇಡಿ ಎಂದು ಬರೆದಿದ್ದಾರೆ, ಹಾಗೇ ಆಗಲಿ. ಮಗಳು ಮೊದಲನೇ ಪಿಯುಸಿ ಓದುತ್ತಿದ್ದಾಳೆ. ಚಿಕ್ಕಂದಿನಿಂದ ತೆಂಗಿನ ಮರ, ದೋಣಿ, ಯಕ್ಷಗಾನದ ವೇಷ ಎಲ್ಲ ಚೆಂದ ಬಿಡಿಸುತ್ತಿದ್ದಳಂತೆ. ಒಂದು ವರ್ಷದಿಂದ ಅದೆಲ್ಲ ನಿಂತಿದೆ. ಹಾಳೆಯ ತುಂಬ ಹಸಿರೋ ಬೂದು ಬಣ್ಣವೋ ಬಳಿದು, ಅದರ ಮೇಲೆ ಇನ್ನೊಂದು ಬಣ್ಣ ಬಳಿದು, ಸುಮ್ಮನೆ ನೋಡುತ್ತ ಕೂರುತ್ತಾಳೆ. “ಇದೆಂತ ಹೆಣೆ? ಬಣ್ಣ ಎಲ್ಲ ದಂಡ” ಎಂದು ಅಜ್ಜಿ ಗೊಣಗಿದರೆ ಎದ್ದು ಹೋಗುತ್ತಾಳೆ.

“ಹೋದ ತಿಂಗಳು ಸಿಟ್ಟು ತಡೆಯಲಾಗದೆ ಎರಡು ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿಬಿಟ್ಟೆ. ಅಂದಿನಿಂದ ಅವಳು ಬಣ್ಣ ಮುಟ್ಟಿಲ್ಲ. ಊಟಕ್ಕೆ ಕರೆದರೆ ಬರುತ್ತಾಳೆ, ಮಾತಿಲ್ಲ. ನಾನು ತಪ್ಪು ಮಾಡಿದೆನಾ?” ಎಂದು ಆ ತಾಯಿ ಕೇಳಿದ್ದಾರೆ.

ತಂಗೀ, ತಪ್ಪೇ ಆಯಿತು. ಆದರೆ ತಿದ್ದಿಕೊಳ್ಳಲಾಗದ ತಪ್ಪಲ್ಲ. ನಾನೂ ಒಂದು ಕಾಲದಲ್ಲಿ ಇಂಥ ಚಿತ್ರದ ಮುಂದೆ ನಿಂತು ಸೆರಗು ಬಾಯಿಗಿಟ್ಟು ನಕ್ಕವಳೇ. ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ನಿಮ್ಮ ಜಿಲ್ಲೆಯಲ್ಲೇ ಉಡುಪಿಯ ಹತ್ತಿರ ಕಟ್ಟಿಂಗೇರಿ ಎಂಬ ಹಳ್ಳಿ ಇದೆ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು, ಅಂದರೆ ಕೆ. ಕೆ. ಹೆಬ್ಬಾರರು, 1911ರಲ್ಲಿ ಹುಟ್ಟಿದ್ದು ಅಲ್ಲಿ. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಹುಡುಗ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆ ಸೇರಿ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 45ರವರೆಗೆ ಅಲ್ಲೇ ಪಾಠ ಹೇಳಿದರು. 1949-50ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದರು. ಮುಂದೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ತೀರಿಕೊಂಡರು.

ಆ ಬಿರುದುಗಳಿಗಿಂತ ಅವರ ಅಭ್ಯಾಸವೇ ನಮಗೆ ಮುಖ್ಯ. ಮೊದಲು ಕಲಿತದ್ದು ಎದುರಿಗಿದ್ದುದನ್ನು ಇದ್ದ ಹಾಗೆ ಬರೆಯುವುದು. ಅದು ಕೈಗೆ ಬಂದ ಮೇಲೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಅಜಂತಾದ ಚಿತ್ರಗಳನ್ನೂ ಹಳೆಯ ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ನೋಡಿದರು. ಗೆರೆಗೆ ಲಯ ಬೇಕೆಂದು ದೊಡ್ಡವರಾದ ಮೇಲೆ ಗುರುವಿನ ಬಳಿ ಹೋಗಿ ಕಥಕ್ ನೃತ್ಯವನ್ನೇ ಕಲಿತರು! ಅವರ ರೇಖಾಚಿತ್ರಗಳನ್ನು ನೋಡಿ. ಕುಣಿಯುವವಳ ಮುಖ, ಬೆರಳು ಎಲ್ಲ ಬಿಡಿಸಿರುವುದಿಲ್ಲ, ನಾಲ್ಕೇ ಗೆರೆ. ಕುಣಿತ ಮಾತ್ರ ಕಣ್ಣಿಗೆ ಕಟ್ಟುತ್ತದೆ.

ವಯಸ್ಸಾದ ಹಾಗೆ ಅವರ ಚಿತ್ರಗಳಲ್ಲಿ ಆಕಾರ ಕರಗುತ್ತ ಹೋಯಿತು. ಸೂರ್ಯ, ಸಮುದ್ರ, ಬಾಹ್ಯಾಕಾಶ ಇಂಥವು ವಸ್ತುವಾದವು. ದಪ್ಪನೆಯ ಬಣ್ಣದೊಳಗಿಂದ ಬೆಳಕು ಹೊಮ್ಮಿದ ಹಾಗೆ ಕಾಣುತ್ತದೆ. ಆಕಾರವನ್ನು ಅವರು ಪೂರ್ತಿ ಬಿಟ್ಟವರಲ್ಲ, ಬೇಡದ್ದನ್ನು ಒಂದೊಂದಾಗಿ ಬಿಡುತ್ತ ಹೋದವರು.

ಪೂರ್ತಿ ಬಿಟ್ಟವರೂ ಇದ್ದಾರೆ. ಗೋವಾ ಮೂಲದ ವಿ. ಎಸ್. ಗಾಯ್ತೊಂಡೆ 1924ರಲ್ಲಿ ನಾಗಪುರದಲ್ಲಿ ಹುಟ್ಟಿ, ಅದೇ ಜೆ. ಜೆ. ಕಲಾಶಾಲೆಯಿಂದ 1948ರಲ್ಲಿ ಹೊರಬಂದವರು. ಇಂಥ ಚಿತ್ರಕ್ಕೆ ‘ಅಮೂರ್ತ’ ಎನ್ನುತ್ತಾರೆ. ಅವರಿಗೆ ಆ ಹೆಸರೂ ಹಿಡಿಸುತ್ತಿರಲಿಲ್ಲ. ಯಾವ ವಸ್ತುವನ್ನೂ ಹೋಲದ ಚಿತ್ರ, ಅಷ್ಟೇ ಎನ್ನುತ್ತಿದ್ದರು. ಜಪಾನಿನ ಝೆನ್ ಧ್ಯಾನದ ಕಡೆ ಅವರಿಗೆ ಒಲವು. ಬಹಳ ಹೊತ್ತು ಸುಮ್ಮನೆ ಕೂತು, ಮನಸ್ಸಿನಲ್ಲಿ ಮಾಗಿದ ಮೇಲೆ ಬಣ್ಣ ಮುಟ್ಟುವುದು. ರೋಲರಿನಿಂದ ಬಳಿಯುವುದು, ಅಲಗಿನಿಂದ ಕೆರೆಯುವುದು, ಮತ್ತೆ ಬಳಿಯುವುದು. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ಮಾತ್ರ. ನಿಮ್ಮ ಮಗಳು ಹಾಳೆಯ ಮುಂದೆ ಸುಮ್ಮನೆ ಕೂರುತ್ತಾಳೆ ಎಂದಿರಲ್ಲ, ಅದು ಸೋಮಾರಿತನ ಎಂದುಕೊಳ್ಳಬೇಡಿ. ನೋಡುವುದೂ ಕೆಲಸವೇ.

“ಅದೆಲ್ಲ ದೊಡ್ಡವರ ಮಾತಾಯಿತು, ನಮಗೆ ಅರ್ಥವಾಗಬೇಡವೇ?” ಎನ್ನುತ್ತೀರಿ. ನಿಮಗೆ ಆಗಲೇ ಅರ್ಥವಾಗಿದೆ, ತಂಗಿ! ಸೋಣೆ ತಿಂಗಳಲ್ಲಿ ನಿಮ್ಮ ಕಡೆ ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು ಶೇಡಿಯಲ್ಲಿ ಬರೆಯುತ್ತೀರಲ್ಲ, ಆ ಬಿಳಿ ಗೆರೆಗಳು ಯಾವ ಮರದ ಹಾಗಿವೆ, ಯಾವ ದೋಣಿಯ ಹಾಗಿವೆ? ಯಾವುದರ ಹಾಗೂ ಇಲ್ಲ. ಆದರೂ ಒಂದು ಗೆರೆ ವಾರೆಯಾದರೆ ನಿಮ್ಮ ಕಣ್ಣಿಗೆ ಚುಚ್ಚುತ್ತದೆ. ಬರೆದು ಹೂವಿಟ್ಟು ಎದ್ದಾಗ ಮನಸ್ಸು ಹಗುರಾಗಿರುತ್ತದೆ. “ಇದೆಂಥ ಚಿತ್ರ?” ಎಂದು ಅತ್ತೆ ಯಾವತ್ತಾದರೂ ಕೇಳಿದ್ದಾರೆಯೇ? ಹೊಸ್ತಿಲಿಗೆ ಕೇಳದ ಪ್ರಶ್ನೆಯನ್ನು ಮಗಳ ಹಾಳೆಗೆ ಯಾಕೆ ಕೇಳಬೇಕು?

ಇನ್ನು ಹೊಟ್ಟೆಪಾಡಿನ ಮಾತು. ಅದನ್ನು ಮುಚ್ಚಿಡಬಾರದು. ಗಾಯ್ತೊಂಡೆಯವರ ಒಂದು ಚಿತ್ರ 2015ರಲ್ಲಿ ಮುಂಬಯಿಯ ಹರಾಜಿನಲ್ಲಿ 29 ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಆದರೆ ಅವರು ತೀರಿಕೊಂಡದ್ದು 2001ರಲ್ಲಿ. ಆ ದುಡ್ಡು ಅವರು ಕಂಡದ್ದಲ್ಲ. ಹೆಬ್ಬಾರರಂಥವರೂ ಪಾಠ ಹೇಳುವ ಕೆಲಸ ಮಾಡಿದ್ದರು. ಆದ್ದರಿಂದ ಮಗಳು ಪಿಯುಸಿಯನ್ನು ಗಟ್ಟಿಯಾಗಿ ಮುಗಿಸಲಿ. ಆಮೇಲೂ ಆಸೆ ಹಾಗೇ ಇದ್ದರೆ ದೃಶ್ಯಕಲೆಯಲ್ಲಿ ಪದವಿ ಓದಬಹುದು. ಮೈಸೂರಿನಲ್ಲಿ ಕಾವಾ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ. ಹೆಣ್ಣುಮಕ್ಕಳಿಗೆ ಇದು ಆಗದ ದಾರಿಯಲ್ಲ. ಹೆಬ್ಬಾರರ ಮಗಳು ರೇಖಾ ರಾವ್ ಅವರೂ ಚಿತ್ರಕಲಾವಿದೆಯೇ.

ಹುಡುಗಿಗೆ ನಿಜವಾಗಿ ಆ ಕೈ ಇದೆಯೋ ಇಲ್ಲವೋ ಎಂದು ಕಾಗದ ಓದಿ ಹೇಳಲು ನನ್ನಿಂದಾಗದು. ನೀವೇ ನೋಡಿ. ವಾರಕ್ಕೊಮ್ಮೆ ಮೊರವನ್ನೋ ಕೊಡಪಾನವನ್ನೋ ಎದುರಿಗಿಟ್ಟು ಇದ್ದ ಹಾಗೆ ಬರೆಯಲು ಹೇಳಿ. ಸಲೀಸಾಗಿ ಬರೆದು, ಮತ್ತೆ ತನ್ನ ಬಣ್ಣಕ್ಕೆ ಮರಳಿದರೆ, ಅದು ಅವಳು ಬೇಕೆಂದೇ ಆರಿಸಿಕೊಂಡ ದಾರಿ. ಬರೆಯಲು ಬಾರದೆ ತಪ್ಪಿಸಿಕೊಳ್ಳುತ್ತಿದ್ದರೆ ಇನ್ನೂ ಅಭ್ಯಾಸ ಬೇಕು. ಎರಡರಲ್ಲಿ ಯಾವುದಾದರೂ ಬೈಯುವ ಕಾರಣವಿಲ್ಲ.

ಮೊದಲು ಮಾಡಬೇಕಾದದ್ದು ಇಷ್ಟು. ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದಲ್ಲಿ ಕೂತು, “ಸುಟ್ಟದ್ದು ನನ್ನ ತಪ್ಪು ಮಗಾ” ಎನ್ನಿ. ತಾಯಿ ತಪ್ಪೊಪ್ಪಿಕೊಂಡರೆ ಚಿಕ್ಕವಳಾಗುವುದಿಲ್ಲ. ಒಂದಿಷ್ಟು ದಪ್ಪ ಹಾಳೆ ತಂದಿಡಿ. ಅವಳು ಮತ್ತೆ ಬಳಿದ ದಿನ “ಇದೆಂತ?” ಎಂದು ಕೇಳಬೇಡಿ. “ಮೊದಲು ಯಾವ ಬಣ್ಣ ಹಾಕಿದೆ? ಇಷ್ಟು ಸಾಕು ಅಂತ ಹ್ಯಾಂಗೆ ಗೊತ್ತಾಯ್ತು?” ಎಂದು ಕೇಳಿ. ಅಡಿಗೆಯಲ್ಲಿ ಉಪ್ಪು ಸಾಕು ಎಂದು ನಿಮಗೆ ಗೊತ್ತಾಗುವ ಹಾಗೇ ಅವಳಿಗೂ ಗೊತ್ತಾಗುತ್ತದೆ. ಹೇಳಲಿ, ಕೇಳಿಸಿಕೊಳ್ಳಿ. ಬಿಡುವಾದಾಗ ಮಣಿಪಾಲದಲ್ಲಿ ಹೆಬ್ಬಾರರ ಹೆಸರಿನ ಗ್ಯಾಲರಿ ಇದೆ, ಸಮಯ ವಿಚಾರಿಸಿಕೊಂಡು ತಾಯಿ ಮಗಳು ಜೊತೆಗೇ ಹೋಗಿಬನ್ನಿ. ಅಜ್ಜಿಯನ್ನೂ ಕರಕೊಂಡು ಹೋದರೆ ಇನ್ನೂ ಒಳ್ಳೆಯದು.

ಗುಲ್ವಾಡಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ ‘ಇಂದಿರಾಬಾಯಿ’ ಕಾದಂಬರಿ. ಓದಬೇಕೆಂದು ಹಟ ಹಿಡಿದು ಗೆದ್ದ ಎಳೆಯ ವಿಧವೆಯ ಕಥೆ ಅದು. ಅಂಥ ಹೆಸರಿನ ಊರಿನಲ್ಲಿ ಒಬ್ಬ ಹುಡುಗಿ ತನ್ನ ಬಣ್ಣಕ್ಕಾಗಿ ಮೌನ ಹಿಡಿದಿದ್ದಾಳೆ. ಆ ಮೌನ ಮುರಿದ ದಿನ ನನಗೆ ಒಂದು ಕಾಗದ ಬರೆಯಿರಿ, ತಂಗಿ. ಕಾಯುತ್ತಿರುತ್ತೇನೆ.

ಇಂತು ನಿಮ್ಮ,
ಅಕ್ಕ